ಮಾಡದಕೆರೆಯ ಬೀಡಿ ಗಡಿಗೆ

ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಬೇಡಿ ಎಂದು ಗೋವರ್ಧನ ಹೇಳುವಷ್ಟರಲ್ಲಿ ಯಮುನಕ್ಕ ಅದನ್ನು ಬಿಚ್ಚಿಯಾಗಿತ್ತು.

ಒಳಗೆ ಬೀಡಿಗಳು. ಒಂದೆರಡಲ್ಲ, ನೂರಾರು. ಎಲ್ಲವೂ ನಡುವೆ ಮುರಿದವು. ಸುತ್ತಿದ ಎಲೆ ಬಿಚ್ಚಿಕೊಂಡು, ಒಳಗಿನ ಹೊಗೆಸೊಪ್ಪು ಹೊರಬಂದು, ನೀರು ಗಟ್ಟಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು.

ಯಮುನಕ್ಕ ಬಗ್ಗಿ ಮೂಸಿದಳು. ಬಬ್ಬೂರು ಕೃಷಿ ಫಾರ್ಮಿನ ಕೀಟ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಲ್ಯಾಬ್ ಅಸಿಸ್ಟೆಂಟ್ ಆಗಿದ್ದು ರಿಟೈರಾದ ಹೆಂಗಸಿನ ಮೂಗು ಅದು. ಹಿರಿಯೂರಿನಲ್ಲಿ ಯಾರ ಮನೆಯಲ್ಲಿ ಏನು ಎಡವಟ್ಟಾದರೂ ಮೊದಲು ಆ ಮೂಗಿಗೆ ಕರೆ ಹೋಗುತ್ತದೆ, ಆಮೇಲೆ ಪೊಲೀಸರಿಗೆ.

"ಅದು ದೇವರ ಗಡಿಗೆ ಅಮ್ಮ. ಹಂಗೆಲ್ಲ ಮುಟ್ಟಬಾರದು," ಎಂದ ಗೋವರ್ಧನ.

"ಮುಟ್ಟಿಲ್ಲಪ್ಪ, ಮೂಸಿದೆ ಅಷ್ಟೇ," ಎಂದಳು ಯಮುನಕ್ಕ.

ಯಲ್ಲದಕೆರೆಯ ಕುರಿಗಾಹಿ ಕೆಂಚಣ್ಣ ಕಳೆದ ಭಾನುವಾರ ಬೆಳಗ್ಗೆ ಮಲಗಿದ್ದಲ್ಲೇ ವಾಂತಿ, ಬೆವರು, ನಡುಕ ಹತ್ತಿ ಬಿದ್ದವನು ಇನ್ನೂ ಚಿತ್ರದುರ್ಗದ ಆಸ್ಪತ್ರೆಯಲ್ಲಿದ್ದಾನೆ. ಅವನ ಜೇಬಿನಲ್ಲಿ ಸಿಕ್ಕಿದ್ದು ಈ ಗೋವರ್ಧನ ಕೊಡುವ, ಬೀಡಿ ಬಿಡಿಸುವ ಔಷಧಿಯ ಖಾಲಿ ಶೀಶೆ. ಶೀಶೆಯನ್ನು ಪರೀಕ್ಷೆಗೆ ಕಳಿಸಿದ್ದಾರೆ, ವರದಿ ಬರುವುದು ಮುಂದಿನ ವಾರ. ಕೆಂಚಣ್ಣನಿಗೆ ಮುಂದಿನ ವಾರದವರೆಗೆ ಪುರುಸೊತ್ತಿಲ್ಲ. ಡಾಕ್ಟರ್ ಚಿತ್ರಾ ಬೆಳಗ್ಗೆ ಫೋನಿನಲ್ಲಿ ನೇರವಾಗಿಯೇ ಹೇಳಿದ್ದರು. ಒಳಗೆ ಏನು ಹೋಗಿದೆ ಅಂತ ಇವತ್ತು ಗೊತ್ತಾಗಬೇಕು, ಇನ್ನೊಂದು ಸಲ ಫಿಟ್ಸ್ ಬಂದರೆ ಆ ಮನುಷ್ಯನ ಹೃದಯ ತಡೆಯೋದಿಲ್ಲ ಎಂದು.

ಅದಕ್ಕೇ ಯಮುನಕ್ಕ ಎ.ಎಸ್.ಐ. ಮೂರ್ತಪ್ಪನ ಬೈಕಿನ ಹಿಂದೆ ಕೂತು, ಸೊಂಟ ಹಿಡಿದುಕೊಂಡು, ಹಿರಿಯೂರಿನಿಂದ ಹೊಸದುರ್ಗ ದಾಟಿ ಮಾಡದಕೆರೆಗೆ ಬಂದಿದ್ದಳು. ಮೂರ್ತಪ್ಪ ಅವಳದೇ ಬೀದಿಯವನು, ಚಿಕ್ಕಂದಿನಿಂದ ಅಕ್ಕ ಅಂತಲೇ ಕರೆದವನು.

ಗೋವರ್ಧನನನ್ನು ನೋಡಿದರೆ ಕಳ್ಳ ವೈದ್ಯ ಅನ್ನಿಸುವುದಿಲ್ಲ. ಕಾವಿಯಿಲ್ಲ, ಜಡೆಯಿಲ್ಲ. ನಲವತ್ತರ ಆಸುಪಾಸಿನ, ಇಸ್ತ್ರಿ ಅಂಗಿಯ, ಜೇಬಿನಲ್ಲಿ ಎರಡು ಪೆನ್ನಿನ ಮನುಷ್ಯ. ಸೋಮವಾರ ಮನೆಯ ಅಂಗಳದಲ್ಲಿ, ಗುರುವಾರ ಹೊಳಲ್ಕೆರೆಯಲ್ಲಿ ಕ್ಯಾಂಪು. ಬಂದವರು ಕರಿ ಕಂಬಳಿಯ ಮೇಲೆ ಕೂತು, ಕೊನೆಯ ಬೀಡಿಯನ್ನು ಮುರಿದು ಗಡಿಗೆಗೆ ಹಾಕಿ, ಇನ್ನು ಮುಟ್ಟೋದಿಲ್ಲ ಎಂದು ಆಣೆ ಮಾಡಬೇಕು. ಕುರಿ ಕಾಯುವವರಾದರೆ ತಮ್ಮ ಮನೆಯ ಕಂಬಳಿಯನ್ನೇ ತರುತ್ತಾರೆ. ಈ ಸೀಮೆಯಲ್ಲಿ ಕಂಬಳಿ ಹಾಸಿದರೆ ಅದು ದೇವರ ಗದ್ದಿಗೆ. ಅದರ ಮೇಲೆ ಕೊಟ್ಟ ಮಾತಿಗೆ ತಪ್ಪಿದರೆ ಹಟ್ಟಿಯ ಕುರಿ ಉಳಿಯೋದಿಲ್ಲ ಎಂದು ನಂಬಿದ ಜನ. ಆಣೆ ಆದ ಮೇಲೆ ಹೆಬ್ಬೆರಳು ಗಾತ್ರದ ಶೀಶೆ ಒಂದು. ಬೆಳಗ್ಗೆ ಮೂರು ಹನಿ, ಸಂಜೆ ಮೂರು ಹನಿ, ಹೊಕ್ಕುಳಿಗೆ. ಚಿಕಿತ್ಸೆ ಅಂದರೆ ಇಷ್ಟೇ.

ಇಷ್ಟಕ್ಕೇ ಜನ ಬೀಡಿ ಬಿಡುತ್ತಿದ್ದರು. ಯಮುನಕ್ಕನ ತಲೆ ತಿನ್ನುತ್ತಿದ್ದದ್ದು ಅದೇ.

ಬಿಡುವುದಿಲ್ಲ ಅಂದಿದ್ದರೆ ಇದೂ ಒಂದು ಬೂಟಾಟಿಕೆ ಎಂದು ಸುಮ್ಮನಾಗಬಹುದಿತ್ತು. ಅಂಥವನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅವಳ ಅಣ್ಣ ಪ್ರಭು ಸಿಗರೇಟು ಬಿಡಲು ಕಿವಿಗೆ ಮಣಿ ಅಂಟಿಸಿಕೊಂಡಿದ್ದ, ಬೆರಳಿಗೆ ಅಯಸ್ಕಾಂತದ ಉಂಗುರ ಹಾಕಿಕೊಂಡಿದ್ದ, ಒಂದೇ ಸೂಜಿಗೆ ಗ್ಯಾರಂಟಿ ಎಂದವನ ಹತ್ತಿರ ಸೂಜಿಯನ್ನೂ ಚುಚ್ಚಿಸಿಕೊಂಡಿದ್ದ. ಪ್ರತಿ ಸಲವೂ ಒಂದು ವಾರ ಬಿಟ್ಟು ಎಂಟನೇ ದಿನ ಮತ್ತೆ ಹಚ್ಚುತ್ತಿದ್ದ. ಐವತ್ತನಾಲ್ಕಕ್ಕೆ ಹೋದ. ಆ ಮಣಿಯವನ ಮೇಲೆ, ಸೂಜಿಯವನ ಮೇಲೆ ಯಮುನಕ್ಕನಿಗೆ ಇವತ್ತಿಗೂ ಸಿಟ್ಟು ಆರಿಲ್ಲ. ಆದರೆ ಇಲ್ಲಿ ಗೋಡೆಯ ತುಂಬ ಫೋಟೋಗಳಿದ್ದವು, ಒಬ್ಬೊಬ್ಬರದೂ ಫೋನ್ ನಂಬರಿತ್ತು. ಹನ್ನೊಂದು ಜನಕ್ಕೆ ಅವಳೇ ಫೋನು ಮಾಡಿ ಕೇಳಿದ್ದಳು. ಹನ್ನೊಂದು ಜನವೂ ಬೀಡಿ ಬಿಟ್ಟಿದ್ದರು.

"ಬಿಟ್ಟೋರು ಆಮೇಲೆ ನಿಮ್ಮ ಹತ್ರ ಬರ್ತಾರಾ?" ಎಂದು ಕೇಳಿದಳು.

"ಬರದೇ ಇರ್ತಾರಾ? ತಿಂಗಳು ತಿಂಗಳು ಬರ್ತಾರೆ. ಶೀಶೆ ಮುಗೀತು ಅಂದ್ರೆ ಓಡಿ ಬರ್ತಾರೆ," ಎಂದ ಗೋವರ್ಧನ, ಹೆಮ್ಮೆಯಿಂದ.

"ಎಷ್ಟು ವರ್ಷದಿಂದ?"

"ಮೊದಲ ಬ್ಯಾಚಿನೋರು ಮೂರು ವರ್ಷದಿಂದ."

"ಅಂದ್ರೆ ಬೀಡಿ ಬಿಟ್ರು, ಶೀಶೆ ಬಿಡಲಿಲ್ಲ."

ಗೋವರ್ಧನನನ್ನು ಯಾರೂ ಹಾಗೆ ಕೇಳಿರಲಿಲ್ಲವೋ ಏನೋ. ಗಿಡಮೂಲಿಕೆ, ಗುರು ಕೊಟ್ಟ ಗುಟ್ಟು, ಹೊರಗೆ ಹೇಳಿದರೆ ಗುಣ ಹೋಗುತ್ತದೆ ಎಂದೆಲ್ಲ ಶುರುಮಾಡಿದ. ಯಮುನಕ್ಕ ಅದನ್ನು ಪೂರ್ತಿ ಕೇಳಲಿಲ್ಲ. ಅವಳ ಕಣ್ಣು ಮೂರ್ತಪ್ಪನ ಮೇಲೆ ಹೋಗಿತ್ತು.

ಮೂರ್ತಪ್ಪ ಮೂವತ್ತು ವರ್ಷದ ಬೀಡಿಯವನು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವುದರಲ್ಲಿ ಮೂರು ಕಡೆ ಬೈಕು ನಿಲ್ಲಿಸುವ ಆಸಾಮಿ. ಚೈನಿನ ಶಬ್ದ ನೋಡ್ತೀನಿ ಅಂತ ಒಂದು ಸಲ, ಫೋನು ಬಂತು ಅಂತ ಒಂದು ಸಲ, ಮೂರನೇ ಸಲ ನೆವವೂ ಹೇಳದೆ. ಇವತ್ತು ಒಮ್ಮೆಯೂ ನಿಲ್ಲಿಸಿರಲಿಲ್ಲ. ಈಗ ಫೋಟೋ ನೋಡುವವನ ಹಾಗೆ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಮೂರ್ತಪ್ಪ, ಇಲ್ಲಿ ತಿರುಗಪ್ಪ," ಎಂದಳು.

ತಿರುಗಿದ.

"ಯಾವಾಗ ಕೂತೆ ಕಂಬಳಿ ಮೇಲೆ?"

ಠಾಣೆಯಲ್ಲಿ ಎಷ್ಟೋ ಜನರನ್ನು ಬಾಯಿ ಬಿಡಿಸಿದ ಮನುಷ್ಯ ತಾನು ಬಾಯಿ ಬಿಡಲು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಹೋದ ತಿಂಗಳು ಹೊಳಲ್ಕೆರೆ ಕ್ಯಾಂಪಿನಲ್ಲಿ ಕೂತನಂತೆ. ಮಗಳು ಮಾತು ಬಿಟ್ಟಿದ್ದಳಂತೆ, ಬೀಡಿ ಬಿಡೋವರೆಗೂ ಅಪ್ಪ ಅನ್ನೋದಿಲ್ಲ ಅಂದಿದ್ದಳಂತೆ. ಅಕ್ಕನಿಗೆ ಹೇಳಿದರೆ ಉಗಿಯುತ್ತಾಳೆಂದು ಸುಮ್ಮನಿದ್ದ. ಬೀಡಿಯ ಆಸೆ ನಿಜಕ್ಕೂ ಹೋಗಿತ್ತು. ಹೊಕ್ಕುಳಿಗೆ ಹನಿ ಬಿದ್ದ ಕಾಲು ಗಂಟೆಗೆ ತಲೆ ಹಗುರಾಗುತ್ತಿತ್ತು, ಒಮ್ಮೊಮ್ಮೆ ಬಾಯಲ್ಲಿ ನೀರೂರಿ ಹೊಟ್ಟೆ ತೊಳೆಸುತ್ತಿತ್ತು.

"ಶೀಶೆ ತೆಗಿ," ಎಂದಳು ಯಮುನಕ್ಕ.

ಮೂರ್ತಪ್ಪ ಪ್ಯಾಂಟಿನ ಒಳಜೇಬಿನಿಂದ ಶೀಶೆ ತೆಗೆದುಕೊಟ್ಟ. ಅರ್ಧ ಉಳಿದಿತ್ತು. ಯಮುನಕ್ಕ ಅದನ್ನು ಹಿಡಿದುಕೊಂಡು ಅಂಗಳಕ್ಕೆ ಇಳಿದಳು. ಕಾಂಪೌಂಡಿಗೆ ಚಪ್ಪರದವರೆ ಬಳ್ಳಿ ಹಬ್ಬಿತ್ತು, ಚಿಗುರಿನ ತುಂಬ ಕರಿ ಹೇನು ಮುತ್ತಿಕೊಂಡಿತ್ತು. ಊರಿಗೆಲ್ಲ ಔಷಧಿ ಕೊಡುವ ಮನೆಯಲ್ಲಿ ಅವರೆ ಬಳ್ಳಿಗೆ ಮಾತ್ರ ಔಷಧಿ ಇರಲಿಲ್ಲ. ಒಂದು ಲೋಟ ನೀರು, ಚೂರು ಸೋಪು ಕೇಳಿದಳು. ನೀರನ್ನು ಎರಡು ಗುಟುಕಿನಷ್ಟು ಉಳಿಸಿ ಚೆಲ್ಲಿ, ಸೋಪು ಕದಡಿ, ಶೀಶೆಯಿಂದ ಹತ್ತು ಹನಿ ಹಾಕಿ ಕಲಸಿ, ಬೆರಳು ಅದ್ದದೆ ಕಡ್ಡಿಯಲ್ಲಿ ಅದ್ದಿ ಒಂದು ಚಿಗುರಿಗೆ ಚಿಮುಕಿಸಿದಳು. ಪಕ್ಕದ ಚಿಗುರಿಗೆ, ಹನಿ ಹಾಕುವ ಮೊದಲೇ, ಬರೀ ಸೋಪಿನ ನೀರು ಚಿಮುಕಿಸಿದ್ದಳು.

ಮೂವರೂ ನಿಂತು ನೋಡಿದರು. ಗೋವರ್ಧನ ಕ್ಯಾಂಪಿಗೆ ಹೊತ್ತಾಗುತ್ತೆ ಎಂದ. ಯಮುನಕ್ಕ ಹ್ಞೂಂ ಅಂದಳೇ ಹೊರತು ಕಣ್ಣು ಕೀಳಲಿಲ್ಲ. ಐದಾರು ನಿಮಿಷಕ್ಕೆ ಮೊದಲ ಚಿಗುರಿನ ಹೇನು ಕಾಲು ಬಿಟ್ಟು ಒಂದೊಂದೇ ಉದುರತೊಡಗಿದವು. ಪಕ್ಕದ ಚಿಗುರಿನವು ಹಾಯಾಗಿ ರಸ ಹೀರುತ್ತಿದ್ದವು.

"ಫಾರ್ಮಲ್ಲಿ ತಂಬಾಕು ಕಷಾಯ ಅಂತ ಕಾಯಿಸ್ತಿದ್ವಿ, ಹೇನಿಗೆ ಹೊಡೆಯಕ್ಕೆ," ಎಂದಳು ಯಮುನಕ್ಕ. "ಬರಿಗೈಲಿ ಮುಟ್ಟಿದೋರಿಗೆ ಅವತ್ತು ಊಟ ಸೇರ್ತಿರಲಿಲ್ಲ. ಚರ್ಮದಿಂದಾನೆ ಒಳಗೆ ಹೋಗ್ತೈತೆ ಅದು. ಕುರಿಗೆ ಉಣ್ಣಿ ಹತ್ತಿದ್ರೆ ಹಟ್ಟಿಯೋರೂ ಅದನ್ನೇ ಬಳೀತಾರೆ. ಹೇಳ್ರಿ ಗೋವರ್ಧನ, ಶೀಶೆಯೊಳಗೆ ಈ ಗಡಿಗೆ ನೀರು ತಾನೇ?"

ಗೋವರ್ಧನ ಕಟ್ಟೆಯ ಮೇಲೆ ಕೂತ. ಹೌದು ಅಂದ, ಅಂದ ಮೇಲೆ ಮಾತು ನಿಲ್ಲಲಿಲ್ಲ. ಕಟ್ಟಿ ಹಾಕಿದ್ದೇ ಬಿಡಿಸಬೇಕು, ಬೀಡಿಯ ಬಂಧನ ಬೀಡಿಯ ನೀರಿನಿಂದಲೇ ಬಿಡಬೇಕು ಎಂಬುದು ಅವನ ಸಿದ್ಧಾಂತ. ಮೊದಲ ಸಲ ಏಳು ಜನ ಬಂದಿದ್ದರು, ಏಳು ಬೀಡಿ ಬಿದ್ದಿದ್ದವು. ಆ ನೀರನ್ನು ಸೋಸಿ ಕೊಟ್ಟಾಗ ಏಳರಲ್ಲಿ ನಾಲ್ಕು ಜನ ಬಿಟ್ಟರು. ಅವನಿಗೇ ಆಶ್ಚರ್ಯವಾಯಿತಂತೆ.

"ನಾನು ಮೋಸಗಾರ ಅಲ್ಲಮ್ಮ," ಎಂದ. "ಆಸ್ಪತ್ರೆಲಿ ಬೀಡಿ ಬಿಡಿಸಕ್ಕೆ ಅಗಿಯೋ ಗಮ್ಮು ಕೊಡ್ತಾರಲ್ಲ, ಅದರಲ್ಲೂ ತಂಬಾಕಿನ ಸತ್ವಾನೇ ಐತಂತೆ. ಅವರು ಕೊಟ್ರೆ ಔಷಧಿ, ನಾನು ಕೊಟ್ರೆ ವಿಷಾನಾ?"

ಪ್ರಶ್ನೆ ಸರಿಯಾಗಿಯೇ ಇತ್ತು, ಅದನ್ನು ತಳ್ಳಿಹಾಕುವ ಪೈಕಿ ಯಮುನಕ್ಕ ಅಲ್ಲ.

"ಐತೆ ಕಣ್ರಿ. ಎಷ್ಟು ಐತೆ ಅಂತ ಅದರ ಮೇಲೆ ಬರೆದೈತೆ. ತಿಂಗಳು ತಿಂಗಳು ಇಳಿಸ್ತಾ ಹೋಗಿ ಕೊನೆಗೆ ಅದನ್ನೂ ಬಿಡಿಸ್ತಾರೆ. ನಿಮ್ಮ ಮೊದಲ ಗಡಿಗೇಲಿ ಏಳು ಬೀಡಿ ಇತ್ತು. ಇದರಲ್ಲಿ ಎಷ್ಟೈತೆ?"

ಗೋವರ್ಧನ ಗಡಿಗೆಯ ಕಡೆ ನೋಡಿದ. ಲೆಕ್ಕ ಅವನಿಗೂ ತಿಳಿಯದು. ಸೋಮವಾರ ಒಂದು ದಿನಕ್ಕೇ ಇನ್ನೂರು ಜನ, ಕೆಲವರು ಭಕ್ತಿ ಹೆಚ್ಚಾಗಿ ಇಡೀ ಕಟ್ಟನ್ನೇ ಮುರಿದು ಹಾಕುತ್ತಾರೆ. ಗಡಿಗೆ ಮಾತ್ರ ಅದೇ ಗಡಿಗೆ, ನೀರು ಮಾತ್ರ ಅಷ್ಟೇ ನೀರು. ಜನ ಹೆಚ್ಚಾದಷ್ಟೂ ಔಷಧಿಗೆ ಗುಣ ಹೆಚ್ಚಿತು ಎಂದು ಅವನು ದೇವರಿಗೆ ಕೈ ಮುಗಿಯುತ್ತಿದ್ದ.

ಮೂರ್ತಪ್ಪ ಸದ್ದಿಲ್ಲದೆ ಅಂಗಿಯ ಮೇಲಿನಿಂದಲೇ ಹೊಕ್ಕುಳು ಒರೆಸಿಕೊಂಡ.

"ಆದ್ರೂ ಅಮ್ಮ," ಎಂದ ಗೋವರ್ಧನ, ಮುಳುಗುವವನು ಏನೋ ಹಿಡಿದುಕೊಂಡ ಹಾಗೆ, "ಒಂದು ಮಾತು ಹೇಳ್ತೀನಿ. ಇದೇ ನೀರು ಇವರೂ ಹಾಕ್ಕಂಡವ್ರೆ, ಇನ್ನೂರು ಜನ ಹಾಕ್ಕಂಡವ್ರೆ. ಮೂರು ಹನಿ. ಯಾರೂ ಬೀಳಲಿಲ್ಲ. ಕೆಂಚಣ್ಣ ಒಬ್ಬನೇ ಯಾಕೆ ಬಿದ್ದ?"

ಯಮುನಕ್ಕನನ್ನೂ ಅದೇ ಕಾಡುತ್ತಿತ್ತು. ಶೀಶೆ ಪೂರ್ತಿ ಕುಡಿದಿದ್ದರೂ ಒಂದು ದಿನದ ವಾಂತಿ. ನಾಲ್ಕು ದಿನ ಯಾಕೆ? ಮೊದಲು ಆಗಬೇಕಾದದ್ದು ಆಗಲಿ ಎಂದು ಡಾಕ್ಟರಿಗೆ ಫೋನು ಹಚ್ಚಿ, ತಂಬಾಕಿನ ವಿಷ ಎಂದು ಹೇಳಿದಳು.

ಡಾಕ್ಟರ್ ಚಿತ್ರಾ ಮೊದಲ ದಿನವೇ ತಂಬಾಕಿನ ವಿಚಾರ ಕೇಳಿದ್ದರಂತೆ. ಕೆಂಚಣ್ಣನ ಹೆಂಡತಿ ಓಬವ್ವ ತಲೆಯ ಮೇಲೆ ಕೈಯಿಟ್ಟು ಹೇಳಿದ್ದಳು, ನಲವತ್ತು ದಿನದಿಂದ ನನ್ನ ಗಂಡ ಅದನ್ನು ಮುಟ್ಟಿಲ್ಲ, ಕಂಬಳಿ ಮೇಲೆ ಆಣೆ ಮಾಡವ್ರೆ ಎಂದು. ಅದಕ್ಕೇ ಆ ದಾರಿಯನ್ನು ಬಿಟ್ಟು ಹೊಲದ ಔಷಧಿಗಳ ಕಡೆ ಹುಡುಕಿದ್ದರು. ಈಗ ಚಿಕಿತ್ಸೆ ಬದಲಿಸುತ್ತೇನೆ ಎಂದರು. ಫೋನು ಇಡುವ ಮೊದಲು ಇನ್ನೊಂದು ಮಾತು ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ರೋಗಿ ಚೇತರಿಸಿಕೊಳ್ಳುತ್ತಾನೆ, ಮಾತಾಡುವಷ್ಟಾಗುತ್ತಾನೆ. ಬೆಳಗಾಗುವಷ್ಟರಲ್ಲಿ ಮತ್ತೆ ಮೊದಲಿನ ಹಾಗೇ ಆಗಿರುತ್ತಾನೆ. ಬಾಯಿಗೆ ನೀರು ಬಿಟ್ಟು ಏನೂ ಹೋಗಿಲ್ಲ. ನಾಲ್ಕು ದಿನವೂ ಹೀಗೇ.

ಯಮುನಕ್ಕ ಫೋನನ್ನು ಕೈಯಲ್ಲೇ ಹಿಡಿದು ಲೆಕ್ಕ ಹಾಕಿದಳು. ಹಾಗಾದರೆ ವಿಷ ಅವನಿಗೆ ಇವತ್ತಿಗೂ ಸೇರುತ್ತಿದೆ, ಅದೂ ಆಸ್ಪತ್ರೆಯಲ್ಲೇ.

ಓಬವ್ವನ ನಂಬರಿಗೆ ಹಚ್ಚಿ ಸ್ಪೀಕರ್ ಹಾಕಿದಳು. ಬೈದರೆ ಆ ಹೆಂಗಸು ಬಾಯಿ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಓಬವ್ವ, ನಾನು ಯಮುನಮ್ಮ. ಕೆಂಚಣ್ಣ ಆಣೆ ತಪ್ಪಿದ್ನೇನವ್ವ? ನನಗೊಬ್ಬಳಿಗೆ ಹೇಳು. ಹಟ್ಟಿ ಯಜಮಾನರ ಕಿವಿಗೆ ಬೀಳಲ್ಲ."

ಆ ಕಡೆಯಿಂದ ಅಳು ಕೇಳಿಸಿತು. ಅಳುವಿನ ನಡುವೆ ಅವಳು ಹೇಳಿದ್ದು ಇಷ್ಟು. ಶನಿವಾರ ಕುರಿ ಮೇಯಿಸುವಾಗ ಕೆಂಚಣ್ಣ ಒಂದು ಬೀಡಿ ಸೇದಿಬಿಟ್ಟ. ಮನೆಗೆ ಬಂದವನಿಗೆ ಜೀವವೇ ಇಲ್ಲ. ಅರವತ್ತು ಕುರಿಯ ಹಟ್ಟಿ, ಆಣೆ ತಪ್ಪಿದ ಕಂಬಳಿಯನ್ನು ಒಳಗೆ ಹೇಗೆ ತರುವುದು? ಶೀಶೆಯ ಮೇಲಿದ್ದ ನಂಬರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡ. ಕಂಬಳಿ ಮೈಲಿಗೆಯಾಗೈತೆ, ಗಡಿಗೆಯ ತೀರ್ಥದಲ್ಲಿ ನೆನೆಸಿ ಹೊದ್ದು ಮಲಗು, ಒಂಬತ್ತು ದಿನ ತಪ್ಪದೆ ಮಾಡಿದರೆ ದೋಷ ಕಳೆಯುತ್ತೆ ಎಂದರಂತೆ. ಹಾಗೇ ಮಾಡಿದ. ಬೆಳಗಾದರೆ ಬಿದ್ದಿದ್ದ.

"ಆ ಕಂಬಳಿ ಈಗ ಎಲ್ಲೈತವ್ವ?"

"ಇಲ್ಲೇ ಐತಮ್ಮ. ಒಂಬತ್ತು ದಿನ ಬಿಡಬಾರದಲ್ಲ. ಹಗಲೊತ್ತು ಮಡಚಿ ಇಡ್ತೀನಿ, ಹೊತ್ತು ಮುಳುಗಿದ ಮೇಲೆ ಹೊದಿಸ್ತೀನಿ."

ಬೀಡಿ ಸೇದುವವನ ಕಂಬಳಿಯಿಂದ ಬೀಡಿಯ ವಾಸನೆ ಬಂದರೆ ಆಸ್ಪತ್ರೆಯಲ್ಲಿ ಯಾರು ತಾನೇ ಕೇಳುತ್ತಾರೆ? ಗಂಡನನ್ನು ಉಳಿಸಬೇಕೆಂದು ಪ್ರತಿ ಸಂಜೆ ತನ್ನ ಕೈಯಾರೆ ವಿಷ ಹೊದಿಸುತ್ತಿದ್ದಳು ಆ ಹೆಂಗಸು. ಅಷ್ಟರಲ್ಲಿ ಮೂರ್ತಪ್ಪ ತನ್ನ ಅರ್ಧ ಶೀಶೆಯನ್ನು ಎತ್ತಿ ಹಿಡಿದು, "ಅಕ್ಕ, ಇಷ್ಟರಲ್ಲಿ ಕಂಬಳಿ ನೆನೆಯುತ್ತಾ?" ಎಂದ.

ಅಂಗೈ ಅಗಲವೂ ನೆನೆಯುವುದಿಲ್ಲ.

"ಅಷ್ಟು ತೀರ್ಥ ಎಲ್ಲಿಂದ ಬಂತು ಓಬವ್ವ?"

"ಅವರೇ ತಂದ್ಕೊಟ್ರಲ್ಲಮ್ಮ. ಶನಿವಾರ ಸಂಜೇನೆ ಹಟ್ಟಿಗೆ ಬೈಕಲ್ಲಿ ಒಂದು ಕ್ಯಾನು ತಂದ್ರು. ಮಾರುತಣ್ಣ."

ಯಮುನಕ್ಕ ಗೋವರ್ಧನನ ಕಡೆ ತಿರುಗಿದಳು. ಅವನ ಮುಖ ಬಿಳಿಚಿಕೊಂಡಿತ್ತು. ಮಾರುತಿ ಅವನ ಹೆಂಡತಿಯ ತಮ್ಮ, ಗಡಿಗೆಯ ನೀರು ಸೋಸಿ ಶೀಶೆ ತುಂಬುವವನು. ಶೀಶೆಯ ಮೇಲಿನ ನಂಬರು ಅವನದೇ. ಕಂಬಳಿ ನೆನೆಸುವ ಪದ್ಧತಿಯೇ ತನ್ನಲ್ಲಿಲ್ಲ, ಯಾರಿಗೂ ಕ್ಯಾನು ಕೊಟ್ಟಿಲ್ಲ ಎಂದು ಗೋವರ್ಧನ ದೇವರ ಮೇಲೆ ಪ್ರಮಾಣ ಮಾಡಿದ. ಮಾರುತಿ ಎಲ್ಲಿ ಎಂದರೆ, ಶಾಮಿಯಾನ ಹಾಕಿಸಲು ಬೆಳಗ್ಗೆ ಆರಕ್ಕೇ ಹೊಳಲ್ಕೆರೆಗೆ ಹೋದ ಎಂದ.

"ಓಬವ್ವ, ಗಮನ ಇಟ್ಟು ಕೇಳು," ಎಂದಳು ಯಮುನಕ್ಕ. "ಆ ಕಂಬಳಿ ಎತ್ತಿ ಹೊರಗೆ ಇಡು. ಕೆಂಚಣ್ಣನ ಮೈನ ಸೋಪು ಹಚ್ಚಿ ಒರೆಸಕ್ಕೆ ನರ್ಸಮ್ಮನಿಗೆ ಹೇಳು. ಕುರಿ ದೋಷ ಏನೈತೋ ಅದು ನನ್ನ ತಲೆ ಮೇಲಿರಲಿ."

"ನೀವು ಹಂಗಂತೀರ. ಒಂದು ಬೀಡಿಗೆ ಇಷ್ಟಾಗೈತೆ, ಇನ್ನ ತೀರ್ಥ ಬಿಟ್ರೆ ಏನಾಗ್ತದೋ," ಎಂದಳು ಓಬವ್ವ. "ಪರೀಕ್ಷೆ ಮಾಡಿದ್ರು, ಇವರು ಸೋತ್ರು. ಗೆದ್ದಿದ್ರೆ ಇದೆಲ್ಲ ಯಾಕಾಗ್ತಿತ್ತು."

"ಯಾರು ಪರೀಕ್ಷೆ ಮಾಡಿದ್ದು?"

"ಮಾರುತಣ್ಣನೇ ಅಮ್ಮ. ಶನಿವಾರ ಕುರಿ ಹತ್ರ ಬಂದು ಬೀಡಿ ಹಚ್ಚಿ ಇವರ ಕೈಗೆ ಕೊಟ್ಟಿದ್ದು ಅವರೇ. ಆಣೆ ಗಟ್ಟಿ ಐತೋ ಇಲ್ಲೋ ನೋಡಕ್ಕೆ."

ಮೂರ್ತಪ್ಪ ಆಗಲೇ ದುರ್ಗದ ಠಾಣೆಗೆ ಫೋನು ಹಚ್ಚುತ್ತಿದ್ದ. ಲೈನು ಸಿಗುತ್ತಿರಲಿಲ್ಲ. ಗೋವರ್ಧನ ಎದ್ದು ನಿಂತಿದ್ದ, ಕೂರಲು ಮರೆತವನ ಹಾಗೆ. ಬೀಡಿ ಕೊಟ್ಟವನೂ ಮಾರುತಿಯೇ, ಪ್ರಾಯಶ್ಚಿತ್ತ ಹೇಳಿದವನೂ ಅವನೇ, ಕ್ಯಾನು ತಂದವನೂ ಅವನೇ. ಒಬ್ಬ ಬಡ ಕುರಿಗಾಹಿಯಿಂದ ಅವನಿಗೆ ಏನಾಗಬೇಕಿತ್ತು? ಅದನ್ನು ಯೋಚಿಸಲು ಈಗ ಪುರುಸೊತ್ತಿರಲಿಲ್ಲ.

"ಓಬವ್ವ, ಮೊದಲು ಕಂಬಳಿ ತೆಗಿ. ಈಗಲೇ. ರೂಮಿಗೆ ಹೋಗು."

"ಹೆಂಗೆ ಹೋಗ್ಲಮ್ಮ? ನನ್ನ ಹೊರಗೆ ಕುಂಡ್ರಿಸವ್ರೆ. ಸಂಜೆ ಬರೋ ಮಾರುತಣ್ಣ ಇವತ್ತು ಬೇಗ ಬಂದ್ರು, ಹೊಸ ಕ್ಯಾನು ತಂದವ್ರೆ. ಇವರು ಸ್ವಲ್ಪ ಕಣ್ಣು ಬಿಟ್ಟು ಏನೋ ಹೇಳಕ್ಕೆ ಹೊಂಟಿದ್ರು, ಅಷ್ಟರಲ್ಲಿ ಮಾರುತಣ್ಣ, ನೀನು ಆಚೆ ಹೋಗವ್ವ, ನಾನು ನೋಡ್ಕೋತೀನಿ ಅಂದ್ರು."

"ಬಾಗಿಲು ತಟ್ಟು."

ಫೋನಿನಲ್ಲಿ ಬಳೆಯ ಸದ್ದು ಕೇಳಿಸಿತು, ಮರಕ್ಕೆ ಕೈ ಬಡಿದ ಸದ್ದು. ಒಂದು ಸಲ. ಎರಡು ಸಲ. ಆಮೇಲೆ ಓಬವ್ವನ ಧ್ವನಿ ಬದಲಾಯಿತು.

"ಯಮುನಮ್ಮ, ಒಳಗಡೆಯಿಂದ ಚಿಲಕ ಹಾಕ್ಕಂಡವ್ರೆ."